ಹಲಸಿನ ಫಿನಿಶ್ ಇರುವ ಮಂಚ

ನಾನು ಹಳೆಯ ಮರದ ವ್ಯಾಪಾರ ಮಾಡುವವಳು. ಶಿರ್ವದ ಕಡೆ ಯಾರಾದರೂ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಾರೆಂದರೆ ಪೂಜೆಗೆ ಭಟ್ಟರನ್ನು ಕರೆಯುವ ಮೊದಲೇ ನನಗೆ ಫೋನು ಬರುತ್ತದೆ. ಬಾಗಿಲು, ಅದರ ಚೌಕಟ್ಟಿನ ದಾರಂದ, ಕಂಬ, ಮಾಡಿನ ಪಕ್ಕಾಸು, ಎಲ್ಲವನ್ನೂ ಲಾರಿಗೆ ಹೇರಿ ಕಾರ್ಕಳದ ನನ್ನ ಅಂಗಳಕ್ಕೆ ತಂದು ಹಾಕುತ್ತೇನೆ. ಹೋಂಸ್ಟೇ ಮಾಡುವವರು, ಹೊಟೇಲು ಮಾಡುವವರು ಬಂದು ಕೊಂಡುಹೋಗುತ್ತಾರೆ. ಶಾಲೆಗೆ ಹೋದದ್ದು ಏಳನೇ ಕ್ಲಾಸಿನವರೆಗೆ. ಇಂಗ್ಲಿಷ್ ಕಲಿತದ್ದು ಈ ಅಂಗಳದಲ್ಲಿ, ಒಂದೊಂದು ಶಬ್ದವನ್ನೂ ಯಾರೋ ನನಗೆ ಟೋಪಿ ಹಾಕಲು ಬಂದ ದಿನ.

ಮೊದಲು ಕಲಿತ ಶಬ್ದ ‘ಡೂಪ್ಲಿಕೇಟ್’. ಅದು ಒಳ್ಳೆಯ ಶಬ್ದ, ಬಾಯಿ ಬಿಟ್ಟು ಹೇಳುವ ಶಬ್ದ. ಡೂಪ್ಲಿಕೇಟ್ ಅಂದಕೂಡಲೇ ನಮ್ಮ ಊರಿನ ಯಾವ ಮುದುಕಿಗಾದರೂ ಅರ್ಥವಾಗುತ್ತಿತ್ತು, ವಸ್ತುವನ್ನು ತಿರುಗಿ ಇಟ್ಟು ಹೋಗುತ್ತಿದ್ದಳು. ಆಮೇಲೆ ಬಂದದ್ದೆಲ್ಲ ಇಸ್ತ್ರಿ ಹಾಕಿದ ಶಬ್ದಗಳು. ‘ಇಮಿಟೇಷನ್’ ಬಂತು, ‘ರೆಪ್ಲಿಕಾ’ ಬಂತು. ನಿನ್ನೆ ಮಾಡಿದ ಬಾಗಿಲಿಗೆ ಆಸಿಡ್ ಬಳಿದು, ಸರಪಳಿಯಿಂದ ಹೊಡೆದು ಗಾಯ ಮಾಡಿದರೆ ‘ಆಂಟಿಕ್ ಲುಕ್’. ರಬ್ಬರ್ ಮರಕ್ಕೆ ಬಣ್ಣ ಹಚ್ಚಿದರೆ ‘ಟೀಕ್ ಟಚ್’. ಒಂದು ಸಲ ಬೆಂಗಳೂರಿನಿಂದ ಬಂದ ಒಬ್ಬ ನನ್ನ ಹತ್ತಿರ ಹೊಸ ಕಂಬಗಳನ್ನೇ ತಂದು, ಹಳೆಯದರ ಜೊತೆ ಬೆರೆಸಿ ಮಾರಿ ಕೊಡಿ ಅಂದ. ಅದಕ್ಕೂ ಅವನ ಬಾಯಲ್ಲಿ ಒಂದು ಇಂಗ್ಲಿಷ್ ಇತ್ತು, ‘ಬ್ಲೆಂಡಿಂಗ್’. ಹಾಲಿಗೆ ನೀರು ಹಾಕುವವನಿಗೆ ಈ ಶಬ್ದ ಮೊದಲೇ ಗೊತ್ತಿದ್ದರೆ ಅವನೂ ತಲೆ ಎತ್ತಿ ನಡೆಯುತ್ತಿದ್ದ.

ನೀವೇ ಯೋಚಿಸಿ ನೋಡಿ. ಒಬ್ಬನ ಮುಖಕ್ಕೆ ‘ಮೋಸ’ ಅಂತ ಹೇಳಿದರೆ ಅಲ್ಲೇ ಜಗಳ ಶುರುವಾಗುತ್ತದೆ. ಯಾಕೆಂದರೆ ಮೋಸ ಅಂದರೆ ಮಾಡಿದವನೊಬ್ಬ ಇದ್ದಾನೆ, ಆಗಿಸಿಕೊಂಡವನೊಬ್ಬ ಇದ್ದಾನೆ. ‘ಲುಕ್’ ಅಂದರೆ ಯಾರೂ ಇಲ್ಲ. ಅದನ್ನು ಬಣ್ಣದ ಪುಸ್ತಕದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಬಹುದು, ಜಗಳವೇ ಇಲ್ಲ. ನನಗೆ ಹೇಸಿಗೆ ಹುಟ್ಟುವುದು ಸುಳ್ಳಿನ ಮೇಲಲ್ಲ, ವ್ಯಾಪಾರದಲ್ಲಿ ಸುಳ್ಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸ್ನಾನ ಮಾಡಿ, ಪೌಡರ್ ಹಾಕಿಕೊಂಡು, ಸರ್ಟಿಫಿಕೇಟು ಹಿಡಿದುಕೊಂಡು ಬರುವ ಸುಳ್ಳನ್ನು ಕಂಡರೆ ಹೇಸಿಗೆ.

ನನ್ನ ಅಮ್ಮ ಕಾಪುವಿನಲ್ಲಿ ಮೀನಿನ ಬುಟ್ಟಿ ಹೊತ್ತವಳು. ನಾನು ಅವಳ ಸೆರಗು ಹಿಡಿದುಕೊಂಡು ನಡೆದವಳು. ‘ಮೀನಿನ ಮೈ ನೋಡಬೇಡ, ಕಿವಿರು ಎತ್ತಿ ನೋಡು’ ಎನ್ನುತ್ತಿದ್ದಳು. ಮೈಗೆ ನೀರು ಚಿಮುಕಿಸಿ ಹೊಳೆಸಬಹುದು, ಕಿವಿರಿನ ಕೆಂಪನ್ನು ತರಲು ಆಗುವುದಿಲ್ಲ. ಮರಕ್ಕೂ ಅದೇ ಲೆಕ್ಕ. ಎದುರಿನ ಭಾಗವನ್ನು ನೋಡಲೇಬೇಡಿ. ಹಿಂದೆ ಹೋಗಿ, ಕೆಳಗೆ ಬಗ್ಗಿ, ಪಾಲಿಶ್ ತಾಗದ ಮೂಲೆಯಲ್ಲಿ ಉಗುರಿನಿಂದ ಕೆರೆಯಿರಿ, ಬೆರಳ ಗಂಟಿನಿಂದ ತಟ್ಟಿ, ಮೂಗು ಹತ್ತಿರ ಹಿಡಿಯಿರಿ. ಅಂಗಡಿಯವನು ‘ಎಂತ ಅಕ್ಕ, ನಂಬಿಕೆ ಇಲ್ವಾ’ ಎಂದು ಕೇಳುತ್ತಾನೆ. ‘ನಂಬಿಕೆ ಉಂಟು, ಉಗುರೂ ಉಂಟು’ ಎಂದು ಹೇಳಿ ಮುಂದುವರಿಯಿರಿ.

ಇಷ್ಟೆಲ್ಲ ಹೇಳುವ ನಾನು, ನಮ್ಮದೇ ಕುಟುಂಬದ ದೈವದ ಮಂಚವನ್ನು ಕೆರೆದು ನೋಡಲಿಲ್ಲ.

ಅದಕ್ಕೆ ಕಾರಣ ಉಂಟು. ದೈವಕ್ಕೆ ಅಂತ ತೆಗೆದುಕೊಳ್ಳುವ ವಸ್ತುವಿಗೆ ನಮ್ಮ ಮನೆಯಲ್ಲಿ ಚೌಕಾಸಿ ಇಲ್ಲ. ತಟ್ಟಿ ನೋಡುವುದಿಲ್ಲ, ಕೆರೆಯುವುದಿಲ್ಲ, ‘ಹೆಚ್ಚಾಯಿತು’ ಎಂದು ಹೇಳುವುದಿಲ್ಲ. ಹೇಳಿದ್ದನ್ನು ಕೊಟ್ಟು, ತಲೆ ಬಾಗಿ ತರಬೇಕು. ಎಣ್ಣೆಯಿಂದ ಹಿಡಿದು ಗಂಟೆಯವರೆಗೆ ಇದೇ ಪದ್ಧತಿ. ನಮ್ಮ ಬದಿಯಲ್ಲಿ ಹೆಚ್ಚಿನ ಮನೆಗಳಲ್ಲಿಯೂ ಹೀಗೆಯೇ. ದೈವದೊಡನೆ ಲೆಕ್ಕ ಹಾಕಿದವನ ಲೆಕ್ಕವನ್ನು ದೈವ ಹಾಕುತ್ತದೆ ಎಂದು ಹಿರಿಯರು ಹೆದರಿಸಿ ಇಟ್ಟಿದ್ದಾರೆ.

ದೈವದ ಕೋಣೆಯಲ್ಲಿದ್ದ ಹಳೆಯ ಮಂಚದ ಒಂದು ಕಾಲನ್ನು ಗೆದ್ದಲು ತಿಂದಿತ್ತು. ದೈವ ಕೂರುವ ಜಾಗ ಅದು. ಹೊಸದು ಮಾಡಿಸಿ ತಂಬಿಲದ ದಿನ ಒಳಗಿಡುವುದು ಎಂದಾಯಿತು. ತಂಬಿಲ ಅಂದರೆ ಕುಟುಂಬದವರೆಲ್ಲ ಸೇರಿ ದೈವಕ್ಕೆ ವರ್ಷಕ್ಕೊಮ್ಮೆ ಬಡಿಸುವ ಸೇವೆ. ನಮ್ಮಲ್ಲಿ ಮಂಚ ಹಲಸಿನ ಮರದ್ದೇ ಆಗಬೇಕು, ಅದೂ ಬೇರೆ ಯಾವ ಕೆಲಸಕ್ಕೂ ಬಳಸದ ಮರ. ಹೊಸದನ್ನು ಒಳಗಿಡುವಾಗ ಕುಟುಂಬದ ಯಜಮಾನ ದೈವದ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ, ಇದು ಇಂಥ ಮರದ್ದು, ಇಂಥವರು ಕೊಟ್ಟದ್ದು ಎಂದು ತುಳುವಿನಲ್ಲಿ ಹೇಳಿ ಒಪ್ಪಿಸಬೇಕು. ಯಜಮಾನ ನನ್ನ ಅಣ್ಣ. ಮಲ್ಪೆಯಲ್ಲಿ ಮೀನಿನ ಬೋಟು ನಡೆಸುವ ತಾಂಡೇಲನಾಗಿದ್ದವನು. ಬೋಟಿನಲ್ಲಿ ಎಲ್ಲರ ಜೀವ ತಾಂಡೇಲನ ಮಾತಿನ ಮೇಲೆ ನಿಂತಿರುತ್ತದೆ. ಹಾಗಾಗಿ ಅವನು ಮಾತು ಕಡಿಮೆ ಆಡುತ್ತಾನೆ, ಆಡಿದ್ದನ್ನು ಬದಲಿಸುವುದಿಲ್ಲ.

ಮಂಚ ಮಾಡುವ ಆಚಾರಿ ಇವತ್ತು ನಾಳೆ ಎನ್ನುತ್ತಿದ್ದ. ಆಗ ನನ್ನ ತಂಗಿಯ ಮಗ ನಡುವೆ ಬಂದ. ಅವನು ಮಣಿಪಾಲದಲ್ಲಿ ಫ್ಲ್ಯಾಟಿನಲ್ಲಿರುವವನು, ಕಟ್ಟಡ ಕಟ್ಟುವವರಿಗೆ ಜಾಹೀರಾತಿನ ಪುಸ್ತಕ ಬರೆದು ಕೊಡುವುದು ಅವನ ಕೆಲಸ. ಕಲ್ಯಾಣಪುರದ ಹತ್ತಿರ ಒಂದು ಕಟ್ಟಡಕ್ಕೆ ‘ರಿವರ್ ವ್ಯೂ’ ಎಂದು ಬರೆದಿದ್ದ. ನಾನು ಹೋಗಿ ನೋಡಿದ್ದೆ. ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ ಹೊಳೆ ಕಾಣುತ್ತದೆ. ಕೇಳಿದರೆ, ‘ದೊಡ್ಡಮ್ಮ, ವ್ಯೂ ಉಂಟು ಅಂತ ಹೇಳಿದ್ದು, ಎಲ್ಲಿಂದ ಅಂತ ಹೇಳಲಿಲ್ಲ’ ಅಂದ. ಕೆಟ್ಟ ಹುಡುಗನಲ್ಲ. ನನಗೆ ಹುಷಾರಿಲ್ಲದಾಗ ಆಸ್ಪತ್ರೆಯಲ್ಲಿ ಕೂತವನು ಅವನೇ. ಆದರೆ ನಾಲಗೆಗೆ ಎಲುಬಿಲ್ಲದ ಕೆಲಸ ಹಿಡಿದಿದ್ದಾನೆ.

‘ಮಾಮ, ಆಚಾರಿಯನ್ನು ಕಾಯುವುದು ಬೇಡ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಶೋರೂಮ್ ಉಂಟು, ದೈವ ದೇವರ ಸಾಮಾನಿಗೇ ಬೇರೆ ಸೆಕ್ಷನ್ ಮಾಡಿದ್ದಾರೆ. ಹೇಳಿದ ದಿನಕ್ಕೆ ಮನೆಗೆ ತಂದು ಕೊಡ್ತಾರೆ’ ಎಂದು ಅಣ್ಣನಿಗೆ ಹೇಳಿದ.

ನಾನು ಬರುತ್ತೇನೆ ಅಂದೆ. ಅಣ್ಣ ಬೇಡ ಅಂದ.

‘ನೀನು ಬಂದರೆ ಸುಮ್ಮನಿರುವವಳಲ್ಲ.’

‘ಕೈ ಕಟ್ಟಿ ನಿಲ್ತೇನೆ.’

‘ನಿನ್ನ ಕೈ ಕಟ್ಟಿದರೆ ಬಾಯಿ ಕೆರೀತದೆ’ ಅಂದ ಅಣ್ಣ. ಕಡೆಗೆ, ಎರಡನ್ನೂ ಕಟ್ಟುತ್ತೇನೆ ಎಂದು ಒಪ್ಪಿಸಿ ಹೋದೆ.

ಒಳಗೆ ಎಸಿ, ಗಂಧದ ವಾಸನೆ. ಟೈ ಕಟ್ಟಿದ ಹುಡುಗನೊಬ್ಬ ಮಂಚ ತೋರಿಸಿದ. ಹಲಸಿನ ಅರಿಶಿನ ಬಣ್ಣ, ಮೇಲೆ ನೀಟಾದ ನಾರು, ಕಾಲಿಗೆ ಹಿತ್ತಾಳೆಯ ಬಳೆ. ಅಂಟಿಸಿದ ಚೀಟಿಯಲ್ಲಿ ‘ಹಲಸಿನ ಫಿನಿಶ್, ಪ್ರೀಮಿಯಂ, ಟ್ರೆಡಿಷನಲ್’ ಎಂದು ಬರೆದಿತ್ತು. ತಂಗಿಯ ಮಗ ಅದನ್ನು ಮಂತ್ರದ ಹಾಗೆ ಓದಿದ. ಮ್ಯಾನೇಜರ್ ಎದ್ದು ಬಂದು ಅಣ್ಣನಿಗೆ ಕೈಮುಗಿದು, ‘ದೈವದ ಕೆಲಸ ಅಲ್ವಾ, ನಾವು ಹೆಚ್ಚು ಮಾತಾಡುವುದಿಲ್ಲ, ನೀವೂ ಮಾತಾಡುವುದಿಲ್ಲ’ ಅಂದ. ಅವನೂ ತುಳುವನೇ. ಅಣ್ಣನಿಗೆ ಆ ಮಾತು ಹಿಡಿಸಿತು. ನನ್ನ ಬೆರಳು ತುರಿಸುತ್ತಿತ್ತು. ಆ ನಾರಿನಲ್ಲಿ ಏನೋ ಸರಿ ಇರಲಿಲ್ಲ, ಒಂದು ಹಲಗೆಯಲ್ಲಿದ್ದ ಗಂಟು ಇನ್ನೊಂದರಲ್ಲೂ ಅದೇ ಜಾಗದಲ್ಲಿ ಇತ್ತು. ಕೈಯನ್ನು ಬೆನ್ನ ಹಿಂದೆ ಹಿಡಿದು, ದೈವದ್ದು, ದೈವದ್ದು ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿದ್ದನ್ನು ಕೊಟ್ಟು, ತಲೆ ಬಾಗಿ ಬಂದೆವು.

ಮಂಚವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಾಪುವಿನ ನಮ್ಮ ಕುಟುಂಬದ ಮನೆಗೆ ತಂದು ಇಳಿಸಿದರು. ತಂಬಿಲದ ಹಿಂದಿನ ದಿನ ಮಧ್ಯಾಹ್ನ ಅದನ್ನು ಬಿಚ್ಚಿ, ಅಂಗಳದಲ್ಲಿಟ್ಟು, ಬಾವಿಯ ನೀರು ಹೊಯ್ದು ತೊಳೆದೆವು. ಶುದ್ಧ ಮಾಡದೆ ಒಳಗಿಡುವ ಹಾಗಿಲ್ಲ. ಹಲಸಿಗೆ ನೀರು ಲೆಕ್ಕವೇ ಅಲ್ಲ, ಮಳೆಗಾಲವಿಡೀ ನೆನೆದರೂ ಅದು ಹಾಗೇ ಇರುತ್ತದೆ. ತೊಳೆದು ನೆರಳಿಗೆ ಸರಿಸಿ ಊಟಕ್ಕೆ ಕೂತೆವು. ಊಟ ಮಾಡಿ ಬಂದಾಗ ಮಂಚದ ಕಾಲು ಬಾತುಕೊಂಡಿತ್ತು. ಕಾಯಿಲೆಯವರ ಕಾಲಿನ ಹಾಗೆ, ಹಿತ್ತಾಳೆ ಬಳೆಯ ಮೇಲೂ ಕೆಳಗೂ ಉಬ್ಬಿತ್ತು. ಮೂಲೆಯಲ್ಲಿ ಸಿಪ್ಪೆ ಎದ್ದಿತ್ತು. ಇನ್ನು ಎಂತ ಪದ್ಧತಿ? ನಾನು ಉಗುರು ಹಾಕಿದೆ. ಕಾಗದದಷ್ಟು ತೆಳ್ಳಗಿನ ಹಲಸಿನ ಚರ್ಮ ಸರ್ರನೆ ಕಿತ್ತು ಬಂತು. ಅದರ ಕೆಳಗೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ, ಮರದ ಹುಡಿಯ ಮುದ್ದೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ಅಂಟಿನ ವಾಸನೆ ಮೂಗಿಗೆ ಹೊಡೆಯಿತು.

ಅಣ್ಣ ಬಗ್ಗಿ ನೋಡಿದ. ಕೈ ತೊಳೆದುಕೊಂಡು ಹೋಗಿ ಜಗಲಿಯಲ್ಲಿ ಕೂತ.

ನಾನು ಕಿತ್ತ ಸಿಪ್ಪೆಯನ್ನೂ ಒಂದು ಮುಷ್ಟಿ ಮುದ್ದೆಯನ್ನೂ ಬಾಳೆಲೆಯಲ್ಲಿ ಕಟ್ಟಿ, ತಂಗಿಯ ಮಗನ ಕಾರಿನಲ್ಲೇ ಶೋರೂಮಿಗೆ ಹೊರಟೆ. ಟೈ ಕಟ್ಟಿದ ಹುಡುಗನ ಎದುರು ಗಾಜಿನ ಮೇಜಿನ ಮೇಲೆ ಎಲೆ ಬಿಚ್ಚಿದೆ.

‘ಎಂತದು ಇದು?’

‘ಎಂಜಿನಿಯರ್ಡ್ ವುಡ್, ಮ್ಯಾಡಂ.’

‘ಯಾವ ಕಾಲೇಜಿನಲ್ಲಿ ಓದಿದ ಮರ ಮಾರಾಯ? ನೀರು ಕಂಡ ಕೂಡಲೇ ಫೇಲಾಯಿತಲ್ಲ?’

ಹುಡುಗ ನಕ್ಕುಬಿಟ್ಟ, ಮ್ಯಾನೇಜರ್ ಬರುವುದನ್ನು ನೋಡಿ ನಗು ನುಂಗಿದ. ಮ್ಯಾನೇಜರ್ ಎಲೆಯನ್ನು ನೋಡಿದ, ನನ್ನನ್ನು ನೋಡಿದ, ಕುರ್ಚಿ ತೋರಿಸಿದ. ನಾನು ಕೂರಲಿಲ್ಲ. ಕೂತರೆ ಅರ್ಧ ಒಪ್ಪಿದ ಹಾಗೆ, ಇದನ್ನೂ ನೆನಪಿಡಿ.

‘ಮ್ಯಾಡಂ, ನಾವು ಎಲ್ಲಿಯೂ ಹಲಸಿನ ಮರ ಅಂತ ಹೇಳಲಿಲ್ಲ. ಹಲಸಿನ ಫಿನಿಶ್ ಅಂತ ಹೇಳಿದ್ದು. ಅದು ಡಿಸ್ಕ್ರಿಪ್ಷನ್.’

‘ನೀವು ದೈವದ ಮಂಚ ಅಂತ ಹೇಳಿ ಮಾರಿದ್ದಲ್ವಾ?’

‘ಹೌದು, ಮಾಡೆಲ್ ಅದು. ಮಟೀರಿಯಲ್ ಬೇರೆ. ನೀವು ಕೇಳಿದ್ದರೆ ಹೇಳ್ತಿದ್ದೆವು. ಸಾಧಾರಣ ಎಲ್ಲರೂ ತಟ್ಟಿ ನೋಡ್ತಾರೆ. ನೀವು ನೋಡಲಿಲ್ಲ.’

‘ದೈವದ್ದನ್ನು ತಟ್ಟಿ ನೋಡುವುದಿಲ್ಲ ಅಂತ ನಿಮಗೆ ಗೊತ್ತುಂಟು.’

‘ಅದು ನಿಮ್ಮ ನಂಬಿಕೆ. ನಾವು ಗೌರವ ಕೊಡ್ತೇವೆ, ಮ್ಯಾಡಂ.’

ಆಗ ನನಗೆ ಪೂರ್ತಿ ಬೆಳಕಾಯಿತು. ಸೋಫಾ, ಊಟದ ಮೇಜು ಇಟ್ಟ ಕಡೆ ಬಂದ ಗಿರಾಕಿಗಳು ತಟ್ಟುತ್ತಿದ್ದರು, ಕುಟ್ಟುತ್ತಿದ್ದರು, ಕೂತು ಕುಣಿದು ನೋಡುತ್ತಿದ್ದರು. ಅಲ್ಲಿ ಹುಡುಗರು ಮೊದಲೇ ಇದು ಪ್ಲೈವುಡ್, ಇದು ಸಾಗುವಾನಿ ಎಂದು ಬಿಡಿಸಿ ಹೇಳುತ್ತಿದ್ದರು. ದೈವದ ಸೆಕ್ಷನ್ನಿನಲ್ಲಿ ಮಾತ್ರ ಎಲ್ಲರೂ ಕೈಮುಗಿದು ನಿಂತಿದ್ದರು. ಕೈಮುಗಿದವರು ಕೆರೆಯುವುದು ಹೇಗೆ? ಇವರು ಮಾರುತ್ತಿದ್ದದ್ದು ಹುಡಿಯ ಮುದ್ದೆಯನ್ನಲ್ಲ, ನಮ್ಮ ಮುಗಿದ ಕೈಗಳನ್ನು.

ನಾನು ತುಳುವಿಗೆ ಹೊರಳಿ ಕೇಳಿದೆ, ‘ನಿಮ್ಮ ಮನೆಯಲ್ಲಿ ದೈವ ಉಂಟಾ?’

‘ಉಂಟು.’

‘ಅಲ್ಲಿಯ ಮಂಚ ಎಂತದ್ದು?’

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಸರಿ ಮಾಡಿ ಇಟ್ಟ. ‘ಅದು ಹಳೆಯದು’ ಅಂದ.

‘ಹಳೆಯದೇ. ಎಂತದ್ದು?’

‘ಹಲಸಿನದ್ದು.’

ಟೈ ಹುಡುಗ ಗೋಡೆಯನ್ನು ನೋಡಿದ. ಮ್ಯಾನೇಜರ್ ಮತ್ತೆ ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹಾರಿದ. ‘ಗುಡ್‌ವಿಲ್’ ಎಂದ. ಗುಡ್‌ವಿಲ್ ಆಗಿ ಇಷ್ಟು ಹಿಂದೆ ಕೊಡುತ್ತೇವೆ, ಮಂಚ ನಿಮ್ಮಲ್ಲೇ ಇರಲಿ, ನಮ್ಮದು ತಪ್ಪು ಅಂತ ಮಾತ್ರ ಎಲ್ಲಿಯೂ ಬರೆಯುವುದಿಲ್ಲ. ನಾನು, ನಿಮ್ಮ ಹಣ ಬೇಡ, ಒಂದು ಕಾಗದದಲ್ಲಿ ‘ಇದು ಹಲಸು ಅಲ್ಲ, ಹಲಸು ಅಂತ ನಂಬಿಸಿ ಮಾರಿದ್ದು’ ಎಂದು ಕನ್ನಡದಲ್ಲಿ ಬರೆದು ಕೊಡಿ ಎಂದೆ. ಅಷ್ಟರಲ್ಲಿ ತಂಗಿಯ ಮಗ ಗುಡ್‌ವಿಲ್ಲನ್ನು ಫೋನಿನಲ್ಲಿ ಹಾಕಿಸಿಕೊಂಡಾಗಿತ್ತು. ‘ಸೆಟ್ಲ್ ಆಯ್ತು ದೊಡ್ಡಮ್ಮ, ಬನ್ನಿ’ ಎಂದು ನನ್ನ ಮೊಣಕೈ ಹಿಡಿದ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ನನ್ನ ಬೆನ್ನ ಹಿಂದೆ ನನ್ನವರೇ ಮುಗಿಸಿದ ವ್ಯಾಪಾರ ಅದೊಂದೇ. ಎಲೆಯನ್ನು ಅಲ್ಲೇ ಬಿಟ್ಟು ಬಂದೆ. ಮೇಜು ಅವರದ್ದು, ಒರೆಸಿಕೊಳ್ಳಲಿ.

ಕಾರು ಕಟಪಾಡಿ ದಾಟಿದ ಮೇಲೆ ಅವನೇ ಶುರು ಮಾಡಿದ.

‘ದೊಡ್ಡಮ್ಮ, ನೀವು ಅಲ್ಲಿ ಚೀಟಿಂಗ್ ಮಾಡಿದರು ಅನ್ನುವ ಹಾಗೆ ಮಾತಾಡಬಾರದಿತ್ತು. ಇದು ಚೀಟಿಂಗ್ ಅಲ್ಲ, ಮಿಸ್‌ಲೀಡಿಂಗ್.’

‘ವ್ಯತ್ಯಾಸ ಎಂತ?’

‘ಚೀಟಿಂಗ್ ಅಂದರೆ ಪೂರ್ತಿ ಅವರ ತಪ್ಪು. ಮಿಸ್‌ಲೀಡಿಂಗ್ ಅಂದರೆ, ಅವರು ತೋರಿಸಿದರು, ನಾವು ಹೋದೆವು. ಇಬ್ಬರದ್ದೂ ಸ್ವಲ್ಪ ಸ್ವಲ್ಪ.’

‘ಬಾವಿಗೆ ಹುಲ್ಲು ಮುಚ್ಚಿ ಇಟ್ಟು, ಬಿದ್ದವನಿಗೆ ನಿನ್ನ ಪಾಲು ಅರ್ಧ ಅಂತ ಹೇಳುವುದಾ?’

‘ಹುಲ್ಲು ಅಂತ ಬರೆದಿದ್ದರಲ್ಲ’ ಅಂದ. ತಮಾಷೆ ಮಾಡಿದ್ದು ಅಂತ ಅವನ ಲೆಕ್ಕ. ಅವನ ಮುಖ ನೋಡಿದೆ. ನಾನು ಎತ್ತಿ ಆಡಿಸಿದ ಮುಖ. ಆ ಶಬ್ದಗಳು ಅಂಗಡಿಯಲ್ಲೇ ಉಳಿದಿಲ್ಲ, ನಮ್ಮ ಜೊತೆ ಕಾರು ಹತ್ತಿ ಮನೆಗೆ ಬರುತ್ತಿವೆ ಎಂದು ಗೊತ್ತಾಯಿತು. ಕಿಟಕಿ ಇಳಿಸಿದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ತಂಗಿ ಆಗಲೇ ದಾರಿ ಹುಡುಕಿದ್ದಳು. ಕಾಲಿಗೆ ಫೆವಿಕಾಲ್ ಹಾಕಿ, ದಾರ ಸುತ್ತಿ, ಮೇಲಿನಿಂದ ಕೆಂಪು ರೇಷ್ಮೆಯ ಪಟ್ಟೆ ಹೊದಿಸಿದರೆ ಆಯಿತಂತೆ. ‘ಟಚ್ ಅಪ್’ ಎಂದು ಮಗ ಸರಿಯಾದ ಶಬ್ದ ಕೊಟ್ಟ.

‘ನೆಂಟರಿಗೆಲ್ಲ ಹೇಳಿ ಆಗಿದೆ. ನಾಳೆ ಮಂಚ ಇಲ್ಲ ಅಂದರೆ ಮರ್ಯಾದೆ ಎಲ್ಲಿ?’ ಅಂದಳು ತಂಗಿ. ‘ದೈವ ನೋಡುವುದು ಭಕ್ತಿಯನ್ನು, ಮರವನ್ನಲ್ಲ.’

‘ಹಾಗಾದರೆ ನಾಳೆ ಸೀಯಾಳ ಯಾಕೆ? ಬಾಟಲಿ ನೀರಿಗೆ ಸೀಯಾಳದ ಫ್ಲೇವರ್ ಹಾಕಿ ಇಡುವ’ ಅಂದೆ.

‘ನಿನಗೆ ಎಲ್ಲದರಲ್ಲೂ ವ್ಯಾಪಾರದ ಮಾತು.’

‘ವ್ಯಾಪಾರದಲ್ಲಿ ಈ ಮಾತು ನಡೆಯುವುದಿಲ್ಲ ಮಾರಾಯ್ತಿ. ಗಿರಾಕಿ ವಾಪಸು ತಂದು ಮುಖಕ್ಕೆ ಬಿಸಾಡ್ತಾನೆ.’

ಅಣ್ಣ ಜಗಲಿಯಲ್ಲಿ ಕೂತಲ್ಲಿಂದಲೇ ನನ್ನನ್ನು ಕೇಳಿದ, ‘ನಿನ್ನ ಅಂಗಳದಲ್ಲಿ ಹಲಸು ಉಂಟಲ್ವಾ?’

ಉಂಟು, ರಾಶಿ ಉಂಟು. ಬೇಕಾದರೆ ಹತ್ತು ಮಂಚ ಮಾಡಬಹುದು. ಆದರೆ ಎಲ್ಲವೂ ಇನ್ನೊಬ್ಬರ ಮನೆಯ ಬಾಗಿಲಾಗಿ, ಕಂಬವಾಗಿ ನಿಂತದ್ದು. ದೈವಕ್ಕೆ ಆಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಕೇಳಿ ನೋಡಿದ ಅಷ್ಟೆ. ಇಷ್ಟು ಮರದ ನಡುವೆ ಬದುಕುವ ನಾನು ಅಣ್ಣನಿಗೆ ಒಂದು ಹಲಗೆ ಕೊಡಲಾರದೆ ನಿಂತಿದ್ದೆ.

‘ನಾಳೆ ನಾನು ಎಂತ ಹೇಳಬೇಕು?’ ಎಂದು ಅಣ್ಣ ಎಲ್ಲರನ್ನೂ ಕೇಳಿದ.

‘ಹಲಸಿನ ಮಂಚ ಅಂತ ಹೇಳಿ, ಮಾಮ’ ಅಂದ ತಂಗಿಯ ಮಗ. ‘ಮೇಲಿನ ಲೇಯರ್ ಹಲಸೇ. ಸುಳ್ಳಾಗುವುದಿಲ್ಲ.’

‘ಹಲಸಿನ ಫಿನಿಶ್ ಅಂತ ಹೇಳಿದರೆ?’

‘ತುಳುವಿನಲ್ಲಿ ಅದಕ್ಕೆ ಶಬ್ದ ಇಲ್ಲ ಅಲ್ವಾ, ಮಾಮ.’

‘ಶಬ್ದವೇ ಇಲ್ಲದ್ದನ್ನು ದೈವದ ಎದುರು ನಿಂತು ಹೇಗೆ ಹೇಳುವುದು?’ ಅಂದ ಅಣ್ಣ. ಕೋಪದಲ್ಲಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ತಂಗಿ, ‘ಒಂದು ಮಾತು ಅಣ್ಣ, ಒಂದೇ ಮಾತು, ಹೇಳಿ ಮುಗಿಸಿಬಿಡು’ ಎಂದು ಬೇಡಿಕೊಂಡಳು. ಅಣ್ಣ ಎದ್ದು ಒಳಗೆ ಹೋದ. ಅವನ ಹತ್ತಿರ ಇರುವ ಆಸ್ತಿ ಅದೊಂದೇ ಮಾತು, ಅದನ್ನೇ ಇವರು ಸಣ್ಣದು ಅನ್ನುತ್ತಿದ್ದರು.

ಬೆಳಿಗ್ಗೆ ನೆಂಟರೆಲ್ಲ ಬಂದರು. ನಾನು ಹೋಗಿ ನೋಡುವಷ್ಟರಲ್ಲಿ ತಂಗಿಯೂ ಮಗನೂ ಹೊಸ ಮಂಚಕ್ಕೆ ಪಟ್ಟೆ ಹೊದಿಸಿ, ಮಲ್ಲಿಗೆ ಮುಡಿಸಿ, ದೈವದ ಕೋಣೆಯ ಬಾಗಿಲ ಹತ್ತಿರ ತಂದು ಇಟ್ಟಿದ್ದರು. ಬಂದವರೆಲ್ಲ ಅದಕ್ಕೆ ಕೈಮುಗಿಯುತ್ತಿದ್ದರು. ಒಬ್ಬರು ಹಿರಿಯರು ನನ್ನ ಹತ್ತಿರ, ‘ಹಲಸು ಹಲಸೇ ನೋಡು, ಎಂಥ ಕಳೆ!’ ಅಂದರು. ಪಟ್ಟೆಯ ಕೆಳಗೆ ಬಾತ ಕಾಲು ಬಟ್ಟೆಯನ್ನು ಸ್ವಲ್ಪ ಎತ್ತಿ ಹಿಡಿದಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆ. ಬಾಯಿ ಬಿಡುವುದು ನನ್ನ ಅಧಿಕಾರವಲ್ಲ. ಒಪ್ಪಿಸುವವನು ಅಣ್ಣ, ಹೇಳಿದರೆ ಅವನೇ ಹೇಳಬೇಕು.

ಅಣ್ಣ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದ. ಹೊಸ ಮಂಚದ ಪಕ್ಕದಿಂದ ಹಾದು ಒಳಗೆ ಹೋದ. ಹಳೆಯ ಮಂಚದ ಗೆದ್ದಲು ತಿಂದ ಕಾಲಿನ ಕೆಳಗೆ ತಾನೇ ಒಂದು ಕಲ್ಲು ಇಟ್ಟು, ಅಲುಗಾಡುವುದಿಲ್ಲ ಎಂದು ಕೈಯಿಂದ ಒತ್ತಿ ನೋಡಿದ. ದೀಪ ಹಚ್ಚಿದರು, ಗಂಟೆ ಬಾರಿಸಿದರು, ಎಲೆ ಹಾಕಿ ಅರಳು, ಸೀಯಾಳ, ಬಾಳೆಹಣ್ಣು ಇಟ್ಟರು. ಗಂಟೆ ನಿಂತಿತು. ಅಣ್ಣ ಕೈಮುಗಿದು ನಿಂತ. ತಂಗಿಯ ಮಗ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

‘ಈ ಸಲ ನಿಮಗೆ ಹೊಸ ಮಂಚ ಕೊಡುತ್ತೇವೆ ಅಂತ ಹೇಳಿದ್ದೆವು’ ಎಂದು ತುಳುವಿನಲ್ಲಿ ಶುರು ಮಾಡಿದ. ಸಮುದ್ರದ ಮೇಲೆ ಕರೆದು ಅಭ್ಯಾಸವಾದ ಗಂಟಲು, ಅಂಗಳದ ಕಡೆಯವರೆಗೂ ಕೇಳುತ್ತಿತ್ತು. ‘ಕೊಡಲಿಕ್ಕೆ ಆಗಲಿಲ್ಲ. ತಂದದ್ದು ಹಲಸು ಅಲ್ಲ. ಮರದ ಹುಡಿ. ನಮಗೆ ಮೋಸ ಮಾಡಿದ್ದಾರೆ. ನಿಮ್ಮ ಹೆಸರು ಹೇಳಿ ಮೋಸ ಮಾಡಿದ್ದಾರೆ. ಕಣ್ಣಿದ್ದೂ ನಾವು ನೋಡಲಿಲ್ಲ. ಒಂದು ವರ್ಷ ಈ ಮುರುಕಿನಲ್ಲೇ ಕೂತುಕೊಳ್ಳಿ. ಮುಂದಿನದನ್ನು ನಾನು ಕಡಿಸಿ, ತಟ್ಟಿ ನೋಡಿ ತರುತ್ತೇನೆ.’

ಹಿಂದಿನಿಂದ ಗುಸುಗುಸು ಶುರುವಾಯಿತು. ಕಳೆ ಹೊಗಳಿದ ಹಿರಿಯರು ಬಾಗಿಲ ಹತ್ತಿರ ಇದ್ದದ್ದರ ಪಟ್ಟೆ ಎತ್ತಿ ನೋಡಿದರು, ಮೂಗು ಮುಚ್ಚಿದರು. ತಂಗಿಯ ಮಗನ ಫೋನು ಯಾವಾಗಲೋ ಕಿಸೆಗೆ ಹೋಗಿತ್ತು. ತಂಗಿ ಅಳುತ್ತಾ ಅಡುಗೆ ಕೋಣೆಗೆ ನಡೆದಳು. ಊಟದ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರು ಅಣ್ಣನಿಗೆ ಕೇಳುವ ಹಾಗೆಯೇ, ‘ಒಳಗಿನ ವಿಷಯ ಒಳಗೆ ಇಡಬೇಕಿತ್ತು’, ‘ಎಲ್ಲರ ಎದುರು ಮನೆಯ ಮಾನ ತೆಗೆದ’ ಎಂದು ಆಡಿದರು. ಮೋಸ ಮಾಡಿದವನ ಹೆಸರನ್ನು ಒಬ್ಬರೂ ಕೇಳಲಿಲ್ಲ. ಮಾನ ಹೋದದ್ದು ಹೇಳಿದವನಿಂದ ಅಂತೆ. ಅಣ್ಣ ಮಾತ್ರ ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡ.

ಈಗ ಅಣ್ಣ ಮನೆಯ ಬಾವಿಯ ಹಿಂದಿನ ಹಲಸಿನ ಮರವನ್ನು ಕಡಿಸಿ, ಹಲಗೆ ಸೀಳಿಸಿ, ನೆರಳಿನಲ್ಲಿ ಒಣಗಲು ಇಟ್ಟಿದ್ದಾನೆ. ಆಚಾರಿ ಯಾವಾಗ ಬರುತ್ತಾನೋ ಬರಲಿ, ಹಸಿ ಮರಕ್ಕೆ ಅವಸರ ಮಾಡುವ ಹಾಗಿಲ್ಲ. ನಾನು ಹೋದಾಗಲೆಲ್ಲ ತಟ್ಟಿ ನೋಡುತ್ತೇನೆ. ಅಣ್ಣ ಈಗ ಬೇಡ ಅನ್ನುವುದಿಲ್ಲ. ನಿಮಗೂ ಅದನ್ನೇ ಹೇಳುವುದು. ದೈವಕ್ಕಾದರೂ ದೇವರಿಗಾದರೂ ತಟ್ಟಿ ನೋಡಿ ತನ್ನಿ. ಚೌಕಾಸಿ ಬೇಕಾದರೆ ಬಿಡಿ, ಉಗುರು ಬಿಡಬೇಡಿ. ಹರಕೆಯ ವಸ್ತುವನ್ನು ಪರೀಕ್ಷೆ ಮಾಡಿದರೆ ದೈವಕ್ಕೆ ಬೇಸರ ಅಂತ ಯಾರಾದರೂ ಹೇಳಿದರೆ, ಆ ಮಾತಿನಿಂದ ಯಾರಿಗೆ ಲಾಭ ಅಂತ ಮೊದಲು ನೋಡಿ.

ಆ ಮಂಚ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ತಂಗಿಯ ಮಗ ಅದನ್ನು ಮಣಿಪಾಲದ ಫ್ಲ್ಯಾಟಿಗೆ ಒಯ್ದ. ಬಾತ ಕಾಲನ್ನು ಕೊಯ್ದು ಸರಿ ಮಾಡಿಸಿ, ಮೇಲೆ ಟಿವಿ ಇಟ್ಟಿದ್ದಾನೆ. ಮೊನ್ನೆ ಮಗನ ಜೊತೆ ಇರುವ ತಂಗಿಯನ್ನು ನೋಡಲು ಅಲ್ಲಿಗೆ ಹೋಗಿದ್ದೆ. ಅವನ ಆಫೀಸಿನವರು ಇಬ್ಬರು ಬಂದು ಕೂತಿದ್ದರು. ಅವರಲ್ಲಿ ಒಬ್ಬಳು ಹಿತ್ತಾಳೆ ಬಳೆಯನ್ನು ಸವರಿ, ಇದು ತುಂಬ ಹಳೆಯದಾ ಎಂದು ಕೇಳಿದಳು. ‘ಹೆರಿಟೇಜ್ ಪೀಸ್’ ಅಂದ ತಂಗಿಯ ಮಗ, ‘ನಮ್ಮ ಫ್ಯಾಮಿಲಿ ದೈವದ ಮನೆಯಿಂದ ಬಂದದ್ದು.’ ನನ್ನ ಮುಖ ನೋಡಲಿಲ್ಲ. ಹೇಳಿದ್ದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿಲ್ಲ ಅಂತ ಅವನಿಗೆ ಗೊತ್ತು. ತಂಗಿ ಕೊಟ್ಟ ಚಹಾ ಅರ್ಧ ಬಿಟ್ಟು ಎದ್ದು, ಬಸ್ಸು ಹಿಡಿದು ನೆಟ್ಟಗೆ ಕಾಪುವಿಗೆ ಹೋದೆ.

ಅಣ್ಣ ಹಲಗೆಗಳನ್ನು ಮಗುಚಿ ಹಾಕುತ್ತಿದ್ದ. ನಾನು ನಡೆದದ್ದೆಲ್ಲ ಹೇಳಿ, ಆ ದರಿದ್ರವನ್ನು ಅಲ್ಲಿಂದ ತರಿಸಿ ಸುಟ್ಟುಹಾಕುವ ಅಂದೆ. ಅವನು ಕೊನೆಯ ಹಲಗೆ ಮಗುಚಿ, ಕೈಯ ಹಲಸಿನ ಹುಡಿ ಕೊಡವಿಕೊಂಡ.

‘ಇರಲಿ ಬಿಡು’ ಅಂದ. ‘ಅಲ್ಲಿ ಅದಕ್ಕೆ ಯಾರೂ ಕೈಮುಗಿಯುವುದಿಲ್ಲ ಅಲ್ವಾ.’